ಬಾತುಮರಿಯ ಕಥೆ ಯಾರದು

ಶಾಂಘಾಯಿಯಲ್ಲಿ ಮನೆಮನೆಗೆ ಫೋನು ಬಂದಿರದ ಕಾಲದಲ್ಲಿ, ನಮ್ಮ ಓಣಿಯ ಬಾಯಲ್ಲೊಂದು ಮರದ ಗೂಡಿತ್ತು. ಅದರೊಳಗೆ ಎರಡು ಟೆಲಿಫೋನು, ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಯಾರಿಗೆ ಕರೆ ಬಂದರೂ ಅವರ ಕಿಟಕಿಯ ಕೆಳಗೆ ಹೋಗಿ ಕೂಗಿ ಕರೆಯುವುದು ನನ್ನ ಉದ್ಯೋಗ. ಓಣಿಯವರೆಲ್ಲ ನನ್ನನ್ನು ಮೆಯ್ ಚಿಕ್ಕಮ್ಮ ಎನ್ನುತ್ತಿದ್ದರು. ಸಾಲದ್ದಕ್ಕೆ ನಾನಿದ್ದದ್ದು ಹನ್ನೆರಡನೇ ನಂಬರಿನ ಮನೆಯ ಕೆಳಗಿನ ಕೋಣೆಯಲ್ಲಿ, ಅಡಿಗೆಮನೆಯ ಪಕ್ಕಕ್ಕೇ. ಆ ಅಡಿಗೆಮನೆ ನಾಲ್ಕು ಸಂಸಾರಕ್ಕೆ ಒಂದೇ. ಒಲೆ ಅವರವರದು, ಬಲ್ಬು ಅವರವರದು, ಮಾತು ಮಾತ್ರ ಎಲ್ಲರದೂ. ನಾನೇನು ಕದ್ದು ಕೇಳುವವಳಲ್ಲ, ಆದರೆ ಮೀನು ಹುರಿಯುತ್ತ ನಿಂತವಳು ಕಿವಿಯನ್ನು ಬಿಚ್ಚಿ ಮೊಳೆಗೆ ನೇತುಹಾಕುವುದಕ್ಕಾಗುತ್ತದೆಯೇ?

ಮಹಡಿಯ ಮೇಲೆ ರುವಾನ್ ಯೀಫೆನ್ ಇದ್ದರು. ಎಪ್ಪತ್ತರ ಹತ್ತಿರ ಬಂದ ಸಣ್ಣ ಮೈಕಟ್ಟಿನ ಹೆಂಗಸು. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ, ಆದರೂ ಪುಸ್ತಕ ಬರೆದವರೆಂಬ ಗೌರವಕ್ಕೆ ಎಲ್ಲರಿಗೂ ಅವರು ರುವಾನ್ ಟೀಚರ್. ಮಕ್ಕಳಿಗೆಂದು ಕಥೆ ಬರೆದರು, ರಷ್ಯನ್ ಭಾಷೆಯಿಂದ ಇನ್ನೂ ಹೆಚ್ಚು ಕಥೆಗಳನ್ನು ನಮ್ಮ ಭಾಷೆಗೆ ತಂದರು. ರೈಲ್ವೆ ಇಂಜಿನಿಯರಾಗಿದ್ದ ಗಂಡ ಪಾಂಗ್ ತೀರಿಕೊಂಡಿದ್ದರು. ಮಗ ದಾಷೆಂಗ್ ಗಡಿಯಾರದ ಕಾರ್ಖಾನೆಯ ಕಚೇರಿಯಲ್ಲಿದ್ದ. ಸೊಸೆ ಚಿಯಾವ್‌ಯುನ್ ದೊಡ್ಡ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಕೊಡುತ್ತಿದ್ದಳು. ಅವರ ಒಬ್ಬಳೇ ಮಗಳು ತಾವ್‌ತಾವ್ ಒಂದನೇ ತರಗತಿಯಲ್ಲಿದ್ದಳು. ದಾಷೆಂಗನಿಗಿಂತ ಐದು ವರ್ಷ ದೊಡ್ಡ ಅಕ್ಕ ಲಿನ್ ನದಿಯಾಚೆ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಭಾನುವಾರ ಭಾನುವಾರ ದೋಣಿ ದಾಟಿ ಊಟಕ್ಕೆ ಬರುವಳು, ಬಂದರೂ ತಾಯಿಯ ಜೊತೆ ಹವಾಮಾನ, ಔಷಧಿಗಿಂತ ಆಚೆಗೆ ಮಾತಾಡುತ್ತಿರಲಿಲ್ಲ. ಲಿನ್ ಸ್ವಭಾವವೇ ಹಾಗೆ, ಬಾಯಿಗೆ ಬೀಗ ಎಂದು ನಾವು ಅಂದುಕೊಂಡಿದ್ದೆವು.

ಟೀಚರ್ ಬರೆದದ್ದರಲ್ಲೆಲ್ಲ ಹೆಸರಾದದ್ದು ಬಾತುಮರಿಯ ಕಥೆ. ಕತ್ತಿನಲ್ಲಿ ಬೀಗದ ಕೈ ಕಟ್ಟಿಕೊಂಡ ಬಾತುಮರಿಯೊಂದಕ್ಕೆ ತನ್ನ ಮನೆ ಯಾವುದೆಂದು ಮರೆತುಹೋಗುತ್ತದೆ. ಓಣಿಯ ಪ್ರತಿ ಬಾಗಿಲನ್ನೂ ತಟ್ಟುತ್ತದೆ. ಬೆಕ್ಕು ಬಾಗಿಲು ತೆಗೆದು, ಇದು ನಿನ್ನ ಮನೆಯಲ್ಲ ಮರಿ, ಆದರೂ ಒಂದು ತುತ್ತು ತಿಂದು ಹೋಗು ಎನ್ನುತ್ತದೆ. ಆಮೆ ಹಾಗೇ ಅನ್ನುತ್ತದೆ, ಮೇಕೆಯೂ ಹಾಗೇ. ಕೊನೆಯ ಬಾಗಿಲು ತಟ್ಟಿದಾಗ ಅಮ್ಮ ಬಾತುಕೋಳಿ ತೆರೆದು, ಎಷ್ಟು ಹೊತ್ತು ಮಾಡಿದೆ, ಅನ್ನ ಆರಿಹೋಯಿತು ಎಂದು ಗದರುತ್ತದೆ. ಅಷ್ಟೇ. ನಮ್ಮ ಊರಿನಲ್ಲಿ ಈ ಕಥೆ ಕೇಳದೆ ನಿದ್ದೆ ಮಾಡಿದ ಮಗು ಕಡಿಮೆ.

ಆ ವರ್ಷ ಚಂದ್ರಹಬ್ಬದ ಹಿಂದಿನ ದಿನ ಪ್ರಕಾಶನದಿಂದ ಝೈ ಎಂಬ ಸಂಪಾದಕಿ, ಹಬ್ಬದ ಕೇಕಿನ ಡಬ್ಬಿ ಹಿಡಿದುಕೊಂಡು ಬಂದಳು. ನನಗೂ ಮೇಲಿನಿಂದ ಕರೆ ಬಂತು, ಹೋಗಿ ಒಂದು ತುಂಡು ತಿಂದೆ. ಎರಡು ಸಂತೋಷದ ಸುದ್ದಿ ತಂದಿದ್ದಳು ಹುಡುಗಿ. ಟೀಚರ್ ಬರೆದ ಕಥೆಗಳನ್ನೆಲ್ಲ ಒಟ್ಟು ಸೇರಿಸಿ ಪುಸ್ತಕ ಮಾಡುತ್ತಾರಂತೆ. ಬಾತುಮರಿಯ ಕಥೆ ಶಾಲೆಯ ಪಾಠಪುಸ್ತಕಕ್ಕೆ ಹೋಗುತ್ತದಂತೆ. ದಾಷೆಂಗನ ಮುಖ ಅರಳಿತು. ಆಮೇಲೆ ಝೈ, ಆ ಕಥೆ ನಿಮಗೆ ಹೊಳೆದದ್ದು ಹೇಗೆಂದು ಮುನ್ನುಡಿಯಲ್ಲಿ ನಾಲ್ಕು ಸಾಲು ಬರೆಯಿರಿ ಟೀಚರ್, ಮಕ್ಕಳು ಕೇಳುತ್ತಾರೆ ಎಂದಳು. ಟೀಚರ್ ಬಾಯಿ ತೆರೆದರು. ಏನೂ ಬರಲಿಲ್ಲ. ನಗುತ್ತ ಮತ್ತೊಂದು ಸಲ ತೆರೆದರು. ಆಗಲೂ ಬರಲಿಲ್ಲ. ವಯಸ್ಸಾಯಿತಲ್ಲ ಎಂದು ಎಲ್ಲರೂ ನಕ್ಕೆವು.

ಮಾರನೆಯ ಬೆಳಿಗ್ಗೆ ಹಿಂದಿನ ದಿನದ ಅನ್ನಕ್ಕೆ ಬಿಸಿನೀರು ಹೊಯ್ದು, ಉಪ್ಪಿನಲ್ಲಿ ಊರಿಸಿದ ಸೊಪ್ಪು ನಂಚಿಕೊಂಡು ಮನೆಯವರೆಲ್ಲ ತಿನ್ನುವಾಗ ಟೀಚರ್ ಚಾಪ್‌ಸ್ಟಿಕ್ ಕೆಳಗಿಟ್ಟರಂತೆ. ಇದನ್ನು ಚಿಯಾವ್‌ಯುನ್ ಕೊಳಾಯಿಯ ಹತ್ತಿರ ಬಟ್ಟಲು ತೊಳೆಯುತ್ತ ನನಗೆ ಹೇಳಿದಳು. "ಆ ಕಥೆ ನಾನು ಬರೆದದ್ದಲ್ಲ ಅನ್ಸುತ್ತೆ" ಎಂದು ಅತ್ತೆ ಅಂದರಂತೆ. ದಾಷೆಂಗನಿಗೆ ಅನ್ನ ನೆತ್ತಿಗೆ ಹತ್ತಿತಂತೆ.

ಅವರ ಅನುಮಾನಕ್ಕೆ ಕಾರಣವಿತ್ತು. ಮಕ್ಕಳು ಚಿಕ್ಕವರಾಗಿದ್ದಾಗ ಎಲ್ಲೆಲ್ಲೂ ಗಲಾಟೆಯ ಕಾಲ. ಪರದೇಶದ ಕಥೆ ಓದಿದರೂ ತಪ್ಪು, ಹೇಳಿದರೂ ತಪ್ಪು. ಮಗು ಶಿಶುವಿಹಾರಕ್ಕೆ ಹೋಗಿ, ನಮ್ಮಮ್ಮ ರಷ್ಯಾದ ಕರಡಿಯ ಕಥೆ ಹೇಳಿದಳು ಎಂದರೆ ಸಾಕು, ಸಂಜೆಗೆ ಮನೆ ಮುಂದೆ ಜನ. ಆದ್ದರಿಂದ ಟೀಚರ್ ತಾವು ಅನುವಾದಿಸಿದ ಕಥೆಗಳನ್ನೇ ವೇಷ ಬದಲಿಸಿ ಹೇಳುತ್ತಿದ್ದರು. ಕರಡಿ ಹೋಗಿ ಎಮ್ಮೆ ಬಂತು. ಕಪ್ಪು ರೊಟ್ಟಿ ಹೋಗಿ ಹಬೆಯಲ್ಲಿ ಬೇಯಿಸಿದ ಬನ್ನು ಬಂತು. ಕಾಡಿನ ಗುಡಿಸಲು ಹೋಗಿ ನಮ್ಮ ಓಣಿ ಬಂತು. ಪುಸ್ತಕಗಳು ರದ್ದಿಗೆ ಹೋದವು. ಹತ್ತು ವರ್ಷವಾದ ಮೇಲೆ ಗಾಳಿ ತಿರುಗಿ, ಪತ್ರಿಕೆಗಳು ಮಕ್ಕಳ ಕಥೆ ಕೇಳತೊಡಗಿದವು. ಆಗ ಟೀಚರ್ ಕುಳಿತು, ತಲೆಯಲ್ಲಿ ಉಳಿದದ್ದನ್ನು ಒಂದೊಂದಾಗಿ ಬರೆದರು. ತಂದದ್ದು ಯಾವುದು, ಹುಟ್ಟಿದ್ದು ಯಾವುದು ಎಂದು ಆಗ ಗೊತ್ತಿತ್ತು ಎಂದು ಅವರ ನಂಬಿಕೆ. ಈಗ ಹುಡುಕಿದರೆ ಬಾತುಮರಿಗೆ ಮಾತ್ರ ಹುಟ್ಟಿದ ಜಾಗ ಸಿಗಲೊಲ್ಲದು.

"ಬೇರೆಯವರ ಕಥೆ ಕದ್ದು ನನ್ನ ಹೆಸರು ಹಾಕ್ಕೊಂಡಿದೀನಿ ಅಂತಾದ್ರೆ ಏನು ಗತಿ?" ಎಂದು ನನ್ನ ಗೂಡಿನ ಮುಂದೆ ನಿಂತು ಒಂದು ದಿನ ಕೇಳಿದರು. "ಮೆಯ್, ನಾನು ಸತ್ತ ಮೇಲೆ ಉಳಿಯೋದಿದ್ರೆ ಅದೊಂದೇ. ಅದೂ ನಂದಲ್ಲ ಅಂದ್ರೆ ಇಷ್ಟು ವರ್ಷ ನಾನು ಏನು ಮಾಡ್ದೆ?"

ನಾನೇನು ಹೇಳಲಿ? ಕೇಳಿದ್ದು ಹೆಸರುವಾಸಿ ಲೇಖಕಿ, ಕೇಳಿಸಿಕೊಂಡದ್ದು ಫೋನು ಕಾಯುವವಳು. ಕಥೆ ಚೆನ್ನಾಗಿದೆಯಲ್ಲ ಟೀಚರ್, ಯಾರದ್ದಾದರೇನು ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಒಂದು ಕೆಲಸವೂ ನೆಟ್ಟಗೆ ನಡೆಯಲಿಲ್ಲ. ಮಧ್ಯಾಹ್ನ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು, ಸಂಜೆಯ ಸಾರಿಗೆ ಇಡುವುದು ಟೀಚರ್ ಪಾಲಿನ ಕೆಲಸ. ಅವರು ಗ್ರಂಥಾಲಯಕ್ಕೆ ಹೋಗಿ ಹಳೆಯ ರಷ್ಯನ್ ಪುಸ್ತಕಗಳಲ್ಲಿ ಬಾತುಕೋಳಿ ಹುಡುಕುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಂದು ದಿನ ತಾವ್‌ತಾವ್ ಶಾಲೆಯ ಗೇಟಿನಲ್ಲಿ ಅಳುತ್ತ ನಿಂತಿದ್ದಳು. ಇನ್ನೊಂದು ದಿನ ಹಂದಿಮಾಂಸಕ್ಕೆ ಸೋಯಾ ಸಾಸ್ ಎರಡು ಸಲ ಬಿದ್ದು, ಉಪ್ಪುಪ್ಪಾಗಿ ಯಾರೂ ಮುಟ್ಟಲಿಲ್ಲ. ಚಿಯಾವ್‌ಯುನ್ ಇಡೀ ದಿನ ನಿಂತೇ ದುಡಿದು ಬರುವವಳು, ಅವಳ ತಾಳ್ಮೆಯೂ ಎಷ್ಟು ದಿನ? ಅಡಿಗೆಮನೆಯಲ್ಲಿ ಕಡಾಯಿಗಳನ್ನು ಸದ್ದು ಮಾಡಿ ಇಡತೊಡಗಿದಳು. ಅವಳ ಕೋಪವೆಲ್ಲ ಕಡಾಯಿಯ ಮೇಲೇ. ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಕೊನೆಗೆ ಅವಳೇ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮರೆವಿನ ಕಾಯಿಲೆಯಾದರೆ ಔಷಧಿಯಾದರೂ ಇರುತ್ತದೆ ಎಂದು ಅವಳ ಲೆಕ್ಕ. ಡಾಕ್ಟರು ಏನೇನೋ ಕೇಳಿ, ಈ ವಯಸ್ಸಿಗೆ ಇವರ ನೆನಪು ನನ್ನದಕ್ಕಿಂತ ಚೆನ್ನಾಗಿದೆ ಎಂದರಂತೆ. ಆ ಡಾಕ್ಟರೂ ಚಿಕ್ಕಂದಿನಲ್ಲಿ ಬಾತುಮರಿಯ ಕಥೆ ಕೇಳಿ ಬೆಳೆದವರಂತೆ. ಎದ್ದು ನಿಂತು ಕೈ ಕುಲುಕಿದರಂತೆ.

ಜೊತೆಗೆ ಕೆಲಸ ಮಾಡಿದ್ದ ಒಬ್ಬ ಮುದಿ ಅನುವಾದಕರಿದ್ದರು, ಅವರಿಗೂ ನನ್ನ ಗೂಡಿನಿಂದಲೇ ಫೋನು ಮಾಡಿದರು. ಬಾತುಕೋಳಿ ಇತ್ತು, ಖಂಡಿತ ಇತ್ತು ಎಂದರು ಆತ. ಒಂದು ಗಳಿಗೆ ಬಿಟ್ಟು, ಬಾತುಕೋಳಿಯೋ ಹೆಬ್ಬಾತೋ ಎಂದರು. ಮತ್ತೊಂದು ಗಳಿಗೆ ಬಿಟ್ಟು, ಅದು ನಾವು ಓದಿದ್ದೋ, ನಮ್ಮನ್ನು ಹೊಲದ ಕೆಲಸಕ್ಕೆ ಕಳಿಸಿದಾಗ ಗದ್ದೆಯಲ್ಲಿ ಸಾಕಿದ್ದೋ ಹೇಳಲಾರೆ ಎಂದರು. ಟೀಚರ್ ಫೋನಿಟ್ಟು ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ನನಗೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇತ್ತ ದಾಷೆಂಗನಿಗೆ ಬೇರೆಯ ಸಂಕಟ. ಕಚೇರಿಯಲ್ಲಿ ಎಲ್ಲರಿಗೂ ಮಿಠಾಯಿ ಹಂಚಿಬಿಟ್ಟಿದ್ದ. ತಾವ್‌ತಾವ್ ಶಾಲೆಯಲ್ಲಿ, ನಮ್ಮಜ್ಜಿ ಪಾಠದಲ್ಲಿ ಬರುತ್ತಾಳೆ ಎಂದು ಸಾರಿಬಿಟ್ಟಿದ್ದಳು. ಮನೆಯಲ್ಲಿ ಈ ಮಾತು ಕೇಳಿಸಿಕೊಂಡವಳು ಅದನ್ನೂ ಶಾಲೆಗೆ ಒಯ್ದಳು. "ಅಜ್ಜೀ, ಬಾತುಮರಿ ರಷ್ಯಾದ್ದಾ? ನಮ್ ಕ್ಲಾಸಿನ ಹುಡುಗ್ರು ಅದಕ್ಕೆ ಚೀನಿ ಮಾತು ಬರಲ್ಲ ಅಂತಾರೆ" ಎಂದು ಎಲ್ಲರ ಮುಂದೆ ಕೇಳಿದಳು. ಅವಳಪ್ಪ ಅವಳಿಗೆ ಗದರಿದ, ಅವಳಮ್ಮ ಅವಳಪ್ಪನಿಗೆ ಗದರಿದಳು.

ಝೈ ಮತ್ತೆ ಫೋನು ಮಾಡಿದಳು. ನಾನು ಕಿಟಕಿಯ ಕೆಳಗೆ ನಿಂತು ಕೂಗಿದೆ. ನಮ್ಮಲ್ಲಿ ಪುಸ್ತಕದ ಮೊದಲ ಪುಟದಲ್ಲಿ ಹೆಸರಿನ ಮುಂದೆ ರಚನೆ ಎಂದೋ ಅನುವಾದ ಎಂದೋ ಇರಲೇಬೇಕು. ಎರಡರಲ್ಲಿ ಯಾವುದೆಂದು ಸೋಮವಾರದೊಳಗೆ ಹೇಳಿಬಿಡಿ, ಪಾಠಪುಸ್ತಕದವರು ಅವಸರ ಮಾಡುತ್ತಿದ್ದಾರೆ ಎಂದಳು. ಅನುವಾದವಾದರೆ ಮೂಲ ಲೇಖಕರು ಯಾರು, ಯಾವ ದೇಶ ಎಂದೂ ಬೇಕು, ಅದಿಲ್ಲದಿದ್ದರೆ ಕಥೆ ಬಿಟ್ಟುಹೋಗುತ್ತದೆ. ಹೇಳುತ್ತೇನೆ ಎಂದು ಟೀಚರ್ ಫೋನಿಟ್ಟರು.

ಆ ಭಾನುವಾರ ಏಡಿಯ ಊಟ. ಚಳಿಗಾಲದ ಮುಂಚೆ ಏಡಿ ಕೊಬ್ಬಿರುವಾಗ ಎಂಥ ಬಡವನಾದರೂ ಒಮ್ಮೆ ತಂದು ತಿನ್ನುತ್ತಾನೆ. ದಾಷೆಂಗ್ ತಂದು ಹುಲ್ಲುಹಗ್ಗದಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ್ದ. ನದಿಯಾಚೆಯಿಂದ ಲಿನ್ ಬಂದಿದ್ದಳು. ಮೇಲಿನ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಕೆಳಗೆ ಸೋಯಾ ಅವರೆ ಸುಲಿಯುತ್ತ ಕೂತಿದ್ದೆ, ಒಂದೊಂದು ಮಾತೂ ಮೆಟ್ಟಿಲಿಳಿದು ಬರುತ್ತಿತ್ತು.

ರಚನೆ ಎಂದು ಹಾಕಿ ಮುಗಿಸು, ಯಾವ ರಷ್ಯದವನು ಬಂದು ಈ ಓಣಿಯಲ್ಲಿ ಕೇಳುತ್ತಾನೆ ಎಂದು ದಾಷೆಂಗ್ ಹೇಳುತ್ತಿದ್ದ. ಯಾರೂ ಕೇಳದಿದ್ದರೆ ಕದ್ದದ್ದು ಕದ್ದದ್ದಲ್ಲವೇನೋ ಎಂದು ತಾಯಿ ಕೇಳಿದರು. ಕದ್ದೆ ಎಂದು ಯಾರು ಹೇಳಿದರು, ನೀನೇ ಹೇಳಿಕೊಂಡು ತಿರುಗುತ್ತಿದ್ದೀಯ ಎಂದು ಅವನ ದನಿ ಏರಿತು. ಚಿಯಾವ್‌ಯುನ್, ಏಡಿ ಆರುತ್ತದೆ, ಮೊದಲು ತಿನ್ನಿ ಎಂದಳು. ತಣ್ಣಗಾದ ಏಡಿ ಹೊಟ್ಟೆಗೆ ಕೇಡು ಎಂಬುದು ಅವಳ ಭಯ.

ಆಗ ಟೀಚರ್ ಮಗಳ ಕಡೆ ತಿರುಗಿದರು. "ಲಿನ್, ನೀನು ದೊಡ್ಡವಳಿದ್ದೆ. ನಾನು ನಿಮಗೆ ಈ ಕಥೆ ಯಾವಾಗ ಹೇಳ್ದೆ? ನೆನಪು ಮಾಡ್ಕೊಂಡು ಹೇಳು ಮಗಾ, ಮಳೆಗಾಲವಾ, ಚಳಿಗಾಲವಾ? ಅಷ್ಟು ಸಿಕ್ಕಿದ್ರೂ ನಾನು ಹುಡುಕ್ತೀನಿ."

ವಿನಿಗರ್ ತರುತ್ತೇನೆ ಎಂದು ಲಿನ್ ಕೆಳಗೆ ಬಂದಳು. ವಿನಿಗರ್ ಮೇಲೇ ಇತ್ತು, ನಾನೇ ಬೆಳಿಗ್ಗೆ ಸಾಲ ಕೊಟ್ಟಿದ್ದೆ. ಅವಳು ತಮ್ಮ ಒಲೆಯ ಮುಂದೆ ಸುಮ್ಮನೆ ನಿಂತಳು. ಹಿಂದೆಯೇ ಟೀಚರ್ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದರು. ನಾನು ಏಳಹೋದೆ. ಲಿನ್, ಕೂತ್ಕೊಳ್ಳಿ ಚಿಕ್ಕಮ್ಮ ಎಂದಳು. ಒಬ್ಬಳೇ ತಾಯಿಯ ಜೊತೆ ನಿಲ್ಲಲು ಅವಳಿಗೆ ಧೈರ್ಯವಿರಲಿಲ್ಲವೇನೋ.

"ನೀನು ಹೇಳಲಿಲ್ಲ" ಎಂದಳು ಲಿನ್. "ನೀನು ಇರಲೇ ಇಲ್ಲ."

ಆ ಕಾಲದಲ್ಲಿ ಕಚೇರಿಯವರನ್ನೆಲ್ಲ ಬುದ್ಧಿ ತಿದ್ದಿಕೊಳ್ಳಲೆಂದು ಸಮುದ್ರದ ಕಡೆಯ ಹೊಲಗಳಿಗೆ ಕಳಿಸುತ್ತಿದ್ದರು. ಟೀಚರನ್ನೂ ಕಳಿಸಿದರು, ತಿಂಗಳಿಗೊಮ್ಮೆ ಎರಡು ದಿನ ಮನೆ. ಗಂಡ ದೂರದ ಬೆಟ್ಟಸೀಮೆಯಲ್ಲಿ ಹಳಿ ಹಾಕಿಸುತ್ತಿದ್ದರು. ಮನೆಯಲ್ಲಿ ಹತ್ತು ವರ್ಷದ ಹುಡುಗಿ, ಐದು ವರ್ಷದ ತಮ್ಮ. ನಾನು ಮದುವೆಯಾಗಿ ಈ ಓಣಿಗೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಆ ಮಕ್ಕಳು ಇಬ್ಬರೇ ಇದ್ದರೆಂದು ಕೇಳಿದ್ದೆ, ಹೇಗಿದ್ದರೆಂದು ಯಾರೂ ಹೇಳಿರಲಿಲ್ಲ.

ಲಿನ್ ಒಲೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಹೇಳಿದಳು. ತಮ್ಮ ಸಂಜೆಯಾದರೆ ಅಳುತ್ತಿದ್ದ. ಅಮ್ಮ ಹೇಳಿದ ಕಥೆಗಳೆಲ್ಲ ಮುಗಿದುಹೋದವು. ಶಾಲೆಯಿಂದ ಬರುವಾಗ ಅವಳ ಕತ್ತಿನಲ್ಲಿ ದಾರ ಕಟ್ಟಿದ ಬೀಗದ ಕೈ ಇರುತ್ತಿತ್ತು. ಅದನ್ನೇ ಬಾತುಮರಿಗೆ ಕಟ್ಟಿದಳು. ಇಬ್ಬರಿಗೂ ಹಸಿವು, ಅದಕ್ಕೇ ಪ್ರತಿ ಮನೆಯಲ್ಲೂ ಊಟ. ಬೆಕ್ಕಿನ ಮನೆಯಲ್ಲಿ ಮೀನು, ಆಮೆಯ ಮನೆಯಲ್ಲಿ ಎಳ್ಳು ತುಂಬಿದ ಉಂಡೆ, ಮೇಕೆಯ ಮನೆಯಲ್ಲಿ ಕೆಂಪಗೆ ಬೇಯಿಸಿದ ಮಾಂಸ.

"ಬಾತುಕೋಳಿ ನೀನು ಹೇಳಿದ ಯಾವುದೋ ಕಥೇದೇ ಇರಬಹುದು, ನನಗೂ ಸರಿಯಾಗಿ ಗೊತ್ತಿಲ್ಲ" ಎಂದಳು. "ಬೀಗದ ಕೈ ಮಾತ್ರ ನಂದು."

ಟೀಚರ್ ಕಲ್ಲಿನ ಕಟ್ಟೆಗೆ ಒರಗಿಕೊಂಡರು. ಹಾಗಾದರೆ ತನ್ನ ತಲೆಗೆ ಅದು ಬಂದದ್ದು ಹೇಗೆ ಎಂದು ಕೇಳಿದರು. ನೀನು ರಜೆಯಲ್ಲಿ ಬಂದಾಗ ದಾಷೆಂಗ್ ನಿನ್ನ ತೊಡೆಯ ಮೇಲೆ ಕೂತು ಹೇಳಿದ, ನಾನು ಬಟ್ಟೆ ಒಗೆಯುತ್ತಿದ್ದೆ ಎಂದಳು ಲಿನ್. ಮಗು ಹೇಳಿದ ಕಥೆ ತಾನೇ ಅವನಿಗೆ ಹೇಳಿದ್ದೆಂದು ತಾಯಿ ಅಂದುಕೊಂಡಿರಬೇಕು. ಅಂದುಕೊಂಡದ್ದೇ ಹತ್ತು ವರ್ಷದಲ್ಲಿ ಗಟ್ಟಿಯಾಗಿರಬೇಕು.

"ಪತ್ರಿಕೆಯಲ್ಲಿ ಬಂದಾಗ ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಇದು ನಿನ್ನ ಕಥೆ ಅಲ್ವಾ ಲಿನ್ ಅಂತ ಒಂದು ಸಲ ಅಂತೀಯ ಅಂತ. ಆಮೇಲೆ ನಿನಗೆ ಬಹುಮಾನ ಬಂತು. ಎಲ್ಲರ ಮುಂದೆ ಹೇಳೋಕೆ ನಾಚಿಕೆಯಾಯ್ತು." ಲಿನ್ ತಲೆಯೆತ್ತಿದಳು. "ಕದ್ದೆ ಅಂತ ನನಗೆ ಸಿಟ್ಟಿಲ್ಲಮ್ಮ. ಹೆಸರು ಯಾರದಾದ್ರೂ ಇರಲಿ. ಕೊನೇಲಿ ಅಮ್ಮ ಬಾಗಿಲು ತೆಗೆದಳು ಅಂತ ಬರೆದಿದೀಯಲ್ಲ, ಅದು ನನಗೆ ಸಹಿಸೋಕೆ ಆಗಲಿಲ್ಲ. ಎಲ್ಲರ ಮನೇಲೂ ಯಾರೋ ತೆಗೀತಾರೆ. ಯಾರೂ ತೆಗೆಯದ ಬಾಗಿಲು ಬಂದಾಗ, ಓ, ಇದೇ ನಮ್ಮನೆ ಅಂತ ಮರಿಗೆ ಗೊತ್ತಾಗುತ್ತೆ. ತಾನೇ ಬೀಗ ತೆಗೆದು ಒಳಗೆ ಹೋಗಿ ಒಲೆ ಮೇಲೆ ನೀರಿಡುತ್ತೆ. ನಾನು ಹೇಳಿದ್ದು ಹಾಗೆ."

ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು.

ದಾಷೆಂಗ್ ಮೆಟ್ಟಿಲ ಮೇಲೆ ಬಂದು ನಿಂತಿದ್ದ, ಯಾವಾಗ ಬಂದನೋ. ತನಗೆ ಒಂದೂ ನೆನಪಿಲ್ಲ ಎಂದ. ನಾನು ಹೇಳುವಾಗ ಅಮ್ಮ ತೆಗೆದಳು ಅಂದೆನೋ, ಅಮ್ಮನೇ ಸೇರಿಸಿದಳೋ ಎಂದು ಅಕ್ಕನನ್ನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಆ ದಿನ ಅಮ್ಮ ಮನೆಯಲ್ಲಿದ್ದರು, ಬಾಗಿಲು ನಿಜವಾಗಿಯೂ ಅವರೇ ತೆಗೆದಿರಬಹುದು, ಐದು ವರ್ಷದ ಮಗು ಕಂಡದ್ದನ್ನೇ ಹೇಳಿರಬಹುದು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೂವರ ಬಳಿಯೂ ಒಂದೊಂದು ತುಂಡು ಇತ್ತು, ಜೋಡಿಸಿದರೂ ಪೂರ್ತಿಯಾಗಲಿಲ್ಲ.

ಕೊನೆಗೆ ಲಿನ್, ಪಾಠದಲ್ಲಿ ನೀನು ಬರೆದ ಹಾಗೇ ಇರಲಿ ಬಿಡಮ್ಮ, ಮಕ್ಕಳಿಗೆ ನಿದ್ದೆ ಬರಬೇಕಲ್ಲ ಎಂದು ಕಣ್ಣೊರೆಸಿಕೊಂಡು ಮೇಲೆ ಹೋದಳು. ಟೀಚರ್ ಹಾಗೇ ನಿಂತಿದ್ದರು. ಚಿಯಾವ್‌ಯುನ್ ಏಡಿಗಳನ್ನು ಮತ್ತೆ ಬಿಸಿ ಮಾಡಲು ತಂದಳು. ಅತ್ತೆಯ ಮುಖ ನೋಡಿ, ಏನೂ ಕೇಳದೆ ಅವರ ಕೈಗೊಂದು ಶುಂಠಿಯ ಕಷಾಯ ಕೊಟ್ಟಳು. ಅವತ್ತು ಕಡಾಯಿ ಸದ್ದು ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಟೀಚರ್ ತಾವಾಗಿಯೇ ನನ್ನ ಗೂಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಫೋನಿಗೆ ಕಾಯುತ್ತ ಇನ್ನಿಬ್ಬರು ನಿಂತಿದ್ದರು, ಅವರೆದುರು ಮಾತಾಡಲು ಅಳುಕಲಿಲ್ಲ. ಝೈಯ ದನಿ ನನಗೂ ಕೇಳುವಷ್ಟು ಜೋರಿತ್ತು. ರಚನೆ ಎಂದು ಹಾಕಲೇ, ಅನುವಾದ ಎಂದು ಹಾಕಲೇ ಟೀಚರ್ ಎಂದು ಕೇಳಿದಳು.

"ಅನುವಾದ" ಎಂದರು ಟೀಚರ್.

ಮೂಲ ಲೇಖಕರು ಯಾರು?

"ಪಾಂಗ್ ಲಿನ್. ನನ್ನ ಮಗಳು. ಬರೆದಾಗ ಹತ್ತು ವರ್ಷ. ಬರೆದಾಗ ಅಲ್ಲ, ಹೇಳಿದಾಗ."

ಝೈಗೆ ಅರ್ಥವಾದಂತೆ ಕಾಣಲಿಲ್ಲ. ಯಾವ ಭಾಷೆಯಿಂದ ಟೀಚರ್ ಎಂದಳು. ಅದು ಬಿಡು ಎಂದರು ಟೀಚರ್. ಕೊನೆಯ ಭಾಗ ತಪ್ಪಾಗಿ ಅನುವಾದವಾಗಿದೆ, ತಿದ್ದಿ ಕೊಡುತ್ತೇನೆ ಎಂದರು. ಏನು ತಿದ್ದುಪಡಿ ಎಂದು ಕೇಳಿ ತಿಳಿದುಕೊಂಡ ಮೇಲೆ ಆ ಕಡೆಯ ದನಿ ತಗ್ಗಿತು. ಹಾಗೆ ಬರೆದರೆ ಪಾಠಪುಸ್ತಕದವರು ಒಪ್ಪುವುದಿಲ್ಲ, ಕಥೆಯನ್ನೇ ಕೈಬಿಡುತ್ತಾರೆ, ಇಷ್ಟು ವರ್ಷದಿಂದ ಮಕ್ಕಳು ಕೇಳುತ್ತ ಬಂದದ್ದು ಹಾಗಲ್ಲವಲ್ಲ ಎಂದು ಝೈ ಬೇಡಿಕೊಂಡಳು.

"ಕೈಬಿಟ್ಟರೆ ಬಿಡಲಿ" ಎಂದರು ರುವಾನ್ ಟೀಚರ್. "ಪೆನ್ನು ತಗೊಂಡ್ಯಾ? ಬರ್ಕೋ. ಕೊನೇ ಬಾಗಿಲು ತಟ್ಟಿತು. ಯಾರೂ ತೆಗೀಲಿಲ್ಲ."